ಕುರಿಮರಿಯ ಪ್ರಬಂಧ

ಹೋದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ತೋರಿಸಲು ನನ್ನ ಮೇಜಿನ ಹತ್ತಿರ ಬಂದು ಬಾಗಿದಳು. ಹಲ್ಲುನೋವೆಂದು ಅವಳ ಅವ್ವ ದವಡೆಯಲ್ಲಿ ಲವಂಗ ಇಟ್ಟು ಕಳಿಸಿದ್ದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಕೆಂಪು ಪೆನ್ನು ನಿಂತುಬಿಟ್ಟಿತು. ಹುಕ್ಕೇರಿಯ ಈ ಶಾಲೆಯಲ್ಲಿ ಕೂತಿದ್ದವಳು ಗೋಕಾಕದ ಹೈಸ್ಕೂಲಿನ ಮೂರನೆಯ ಬೆಂಚಿಗೆ ಹೋಗಿ ಕೂತೆ. ನಮ್ಮ ಇಂಗ್ಲಿಷ್ ಸರ್ ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡೇ ಪಾಠ ಮಾಡುತ್ತಿದ್ದರು. ಅವರು ಪಕ್ಕದಲ್ಲಿ ಹಾದುಹೋದರೆ ಆ ಸಾಲಿನ ಹುಡುಗರೆಲ್ಲ ನೆಟ್ಟಗೆ ಕೂಡುತ್ತಿದ್ದರು.

ಹುಡುಗಿ, "ಏನಾತ್ರಿ ಟೀಚರ್?" ಎಂದು ಕೇಳಿದಳು. ಏನಿಲ್ಲ ಅಂದೆ. ಅವಳ ನೋಟ್‌ಬುಕ್ಕಿನಲ್ಲಿ ಎರಡು ತಪ್ಪು ಇದ್ದವು, ತಿದ್ದದೆ ಸಹಿ ಹಾಕಿ ಕೊಟ್ಟೆ.

ನಾನು ಮೇಲವಂಕಿಯ ಕುರಿ ಸಾಕುವವರ ಮನೆಯವಳು. ಅಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಿದ್ದ. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅವರು ಕೊಟ್ಟ ಜೋಳ ತೆಗೆದುಕೊಂಡು ಮುಂದಿನ ಹೊಲಕ್ಕೆ ಹೋಗುತ್ತಿದ್ದ. ನಮ್ಮ ಮನೆಯಲ್ಲಿ ನಾನೇ ಮೊದಲು ಹೈಸ್ಕೂಲು ಕಂಡವಳು. ದಿನಾ ಬಸ್ಸಿಗೆ ಗೋಕಾಕಕ್ಕೆ ಹೋಗಿ ಬರುತ್ತಿದ್ದೆ. ಆ ದಿನಗಳಲ್ಲಿ ನನಗೆ ದೇವರು ಅಂತ ಯಾರಾದರೂ ಇದ್ದರೆ ಅದು ಆ ಸರ್. ಇದನ್ನು ಹೇಳಲೇಬೇಕು... ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವರ ಹಾಗೆ ಫ್ರೇಜಲ್ ವರ್ಬ್ ಕಲಿಸಿದವರನ್ನು ನಾನು ಮತ್ತೆ ಕಾಣಲಿಲ್ಲ. ಬೇರೆ ಮಾಸ್ತರರು ಬೋರ್ಡಿನ ಮೇಲೆ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ ಬರೆದು ಬಾಯಿಪಾಠ ಮಾಡಿ ಅನ್ನುತ್ತಿದ್ದರು. ಇವರು ಹಾಗಲ್ಲ. ಮೇಜಿನ ಮೇಲೆ ಮೇಣಬತ್ತಿ ಹಚ್ಚಿ, ಊದಿ ಆರಿಸಿ, ಇದು 'ಪುಟ್ ಔಟ್' ಅನ್ನುವರು. ಮದುವೆ ಮುಂದಕ್ಕೆ ಹೋದ ಮನೆಯವರ ಹಾಗೆ ಹಣೆಗೆ ಕೈ ಹಚ್ಚಿ ನಿಂತು, ಇದು 'ಪುಟ್ ಆಫ್' ಅನ್ನುವರು. ನಮ್ಮ ಗದ್ದಲ ಸಹಿಸಿಕೊಂಡು ಹಲ್ಲು ಕಚ್ಚಿ ನಗುತ್ತ, ಇದು 'ಪುಟ್ ಅಪ್ ವಿತ್' ಅನ್ನುವರು. 'ಪುಟ್' ಅನ್ನುವ ಅಷ್ಟು ಸಣ್ಣ ಪದ, ಹಿಂದೆ ಬರುವ ಬಾಲ ಬದಲಾದರೆ ಬೇರೆಯೇ ಆಗಿಬಿಡುವುದು ನನಗೆ ಬಹಳ ಸೋಜಿಗ ಅನ್ನಿಸುತ್ತಿತ್ತು.

"ಅರ್ಥ ಬರಕೋಬ್ಯಾಡ್ರಿ," ಅನ್ನುತ್ತಿದ್ದರು. "ಎಂಥಾ ಹೊತ್ತಿನ್ಯಾಗ, ಯಾರು, ಯಾರಿಗೆ ಹಂಗ ಅಂತಾರ, ಅದನ್ನ ಬರಕೋರಿ."

ಆಮೇಲೆ ಒಬ್ಬೊಬ್ಬರ ಮೇಲೆ ಒಂದೊಂದು ವಾಕ್ಯ ಕಟ್ಟುತ್ತಿದ್ದರು. ವಕೀಲರ ಮಗ ಮುಂದೆ ತಂದೆಯ ಆಫೀಸು ವಹಿಸಿಕೊಳ್ಳುತ್ತಾನೆ, ಅವನಿಗೆ 'ಟೇಕ್ ಓವರ್'. ಕಿರಾಣಿ ವ್ಯಾಪಾರಿಯ ಮಗಳ ಅಂಗಡಿಯಲ್ಲಿ ಸಕ್ಕರೆ ಎಂದೂ ತೀರುವುದಿಲ್ಲ, ಅವಳಿಗೆ 'ರನ್ ಔಟ್ ಆಫ್'. ನನ್ನ ಪಾಳಿ ಬಂದಾಗ ಒಂದು ಕ್ಷಣ ನೋಡಿ, ಇವಳು ಕುರಿ ನೋಡಿಕೊಳ್ಳುತ್ತಾಳೆ, 'ಲುಕ್ ಆಫ್ಟರ್' ಅಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಾಚಿಕೆಗೇಡು, ಆದರೆ ಖರೆ ಹೇಳುತ್ತೇನೆ, ನನಗೆ ಆಗ ಖುಷಿಯೇ ಆಗಿತ್ತು. ನಮ್ಮ ಮನೆಯಲ್ಲಿ ಕುರಿ ಇವೆ ಅನ್ನುವುದು ಸರ್‌ಗೆ ಗೊತ್ತಲ್ಲ ಅಂತ.

ಉತ್ತರ ಬಾರದವರಿಗೆ ಅವರು ಹೊಡೆಯುತ್ತಿರಲಿಲ್ಲ. ನೆನಪಾಗುವ ತನಕ ನಿಂತುಕೊಳ್ಳಬೇಕಿತ್ತು, ಅಷ್ಟೆ. ನಾನು ಒಂದು ದಿನವೂ ನಿಲ್ಲಲಿಲ್ಲ. ರಜೆಯಲ್ಲಿ ಅಪ್ಪನ ಹಿಂಡು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಿದ್ದೆ. ಹಿಂದೆ ಉಳಿದ ಕುರಿಗೆ 'ಕೀಪ್ ಅಪ್', ಮಲಗಿದ ಕುರಿಗೆ 'ಗೆಟ್ ಅಪ್' ಎಂದು ಕೂಗುತ್ತ ಅಭ್ಯಾಸ ಮಾಡುತ್ತಿದ್ದೆ. ಅಪ್ಪ ಬೀಡಿ ಹಚ್ಚಿಕೊಂಡು ಕೂತು ನಗುತ್ತಿದ್ದ.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಮರೆಯಲಾಗದ ಒಂದು ದಿನದ ಬಗ್ಗೆ ಪ್ರಬಂಧ ಬರೆಯಲು ಬಂದಿತ್ತು. ದೀಪಾವಳಿ ರಜೆಯಲ್ಲಿ ಧುಪದಾಳದ ಒಡ್ಡಿನ ಹತ್ತಿರ ನಮ್ಮದೊಂದು ಕುರಿ ದಾರಿಯಲ್ಲೇ ಈದಿತ್ತು. ಮರಿ ಅಡ್ಡ ತಿರುಗಿತ್ತು. ಅಪ್ಪ ಮೊಣಕಾಲೂರಿ ಕೂತು ಕೈಹಾಕಿ ಮರಿಯನ್ನು ಹೊರಗೆ ತೆಗೆದಿದ್ದ. ಅದು ಉಸಿರಾಡಲಿಲ್ಲ. ಅಪ್ಪ ಅದರ ಮೂಗಿಗೆ ಬಾಯಿಟ್ಟು ಊದಿದ. ನಾನು ಕಂಬಳಿಯಿಂದ ತಿಕ್ಕಿದೆ. ಅದು ಒದರಿದಾಗ ಅಪ್ಪ ಅತ್ತಿದ್ದ... ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದನ್ನೇ ಬರೆದೆ. ಸರ್ ಕಲಿಸಿದ್ದ ಫ್ರೇಜಲ್ ವರ್ಬುಗಳನ್ನೆಲ್ಲ, ಎಲ್ಲೆಲ್ಲಿ ತಾವಾಗಿ ಬಂದು ಕೂಡುತ್ತವೋ ಅಲ್ಲಲ್ಲಿ ಇಟ್ಟೆ. ಬರೆಯುವಾಗಲೇ ಗೊತ್ತಾಗಿತ್ತು, ಇದು ಛಲೋ ಬಂದಿದೆ ಅಂತ. ಸರ್ ಓದಿ ಏನನ್ನಬಹುದು ಎಂದು ವಾರವಿಡೀ ಕಾಯ್ದೆ.

ಎಲ್ಲರ ಉತ್ತರಪತ್ರಿಕೆ ಬಂದವು, ನನ್ನದು ಬರಲಿಲ್ಲ. ಸರ್ ಸ್ಟಾಫ್ ರೂಮಿಗೆ ಕರೆಸಿ ನನ್ನ ಪ್ರಬಂಧದ ಮೇಲೆ ಹಾಕಿದ್ದ ಸೊನ್ನೆ ತೋರಿಸಿದರು. ತಂದೆಯನ್ನು ಕರೆದುಕೊಂಡು ಬಾ ಅಂದರು.

ಅಪ್ಪ ಹಿಂಡನ್ನು ಜೊತೆಗಾರನಿಗೆ ಒಪ್ಪಿಸಿ, ಧುಪದಾಳದ ಕಡೆಯಿಂದ ನಡೆದೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಕಂಬಳಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಸರ್ ಒಂದು ಪೂರ್ತಿ ಪೀರಿಯಡ್ ಅವನನ್ನು ಅಲ್ಲೇ ನಿಲ್ಲಿಸಿದರು. ಆಮೇಲೆ ಬಂದು, ಕೂತುಕೊಂಡು, ಪತ್ರಿಕೆಯನ್ನು ಅವನ ಮುಂದೆ ಹಿಡಿದರು. ಅಪ್ಪನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

"ಇದು ನಿನ್ನ ಮಗಳ ಇಂಗ್ಲಿಷ್ ಅಲ್ಲಪಾ. ಯಾವುದೋ ಗೈಡ್ ನೋಡಿ ಕಾಪಿ ಹೊಡದಾಳ. ಕುರಿ ಕಾಯೋರ ಮನ್ಯಾಗ ಇಂಥಾ ಇಂಗ್ಲಿಷ್ ಎಲ್ಲಿಂದ ಬರಬೇಕು?"

ಅಪ್ಪ ನನ್ನ ಕಡೆ ತಿರುಗಿದ. "ಖರೆ ಏನವ್ವಾ?"

"ಇಲ್ಲಪ್ಪಾ. ಧುಪದಾಳದಾಗ ನಮ್ಮ ಕುರಿ ಈದದ್ದು ಬರದೀನಿ. ನೀನೂ ಇದ್ದೆಲ್ಲ."

ಕುರಿ ಈದದ್ದು ಬರೆದ ಗೈಡು ಲೋಕದಲ್ಲಿ ಎಲ್ಲಿದೆ? ಇದನ್ನು ಸರ್ ಯೋಚಿಸಲಿಲ್ಲ. ಅಪ್ಪ ಯೋಚಿಸಬಹುದಿತ್ತು. ಅವನು ಒಂದು ಗಳಿಗೆ ಪತ್ರಿಕೆಯನ್ನೂ ನನ್ನನ್ನೂ ನೋಡಿದ. ಆಮೇಲೆ ಮೆಲ್ಲಗೆ, ಸರ್ರು ಸುಳ್ಳು ಯಾಕೆ ಹೇಳುತ್ತಾರೆ ಅಂದ. ಅಂದವನೇ ಬಗ್ಗಿ ಅವರ ಕಾಲು ಮುಟ್ಟಿ, ನನ್ನ ಪರವಾಗಿ ತಪ್ಪಾಯಿತು ಎಂದು ಕೇಳಿಕೊಂಡ. ಸರ್ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡ ಪರೀಕ್ಷೆಯಲ್ಲಿ ಹೀಗೆ ಮಾಡಿ ಸಿಕ್ಕಿಬಿದ್ದರೆ ಪೊಲೀಸರವರೆಗೆ ಹೋಗುತ್ತದೆ, ಅದಕ್ಕಿಂತ ಸಾಲಿ ಬಿಡಿಸಿ ಮದುವೆ ಮಾಡುವುದು ನೆಟ್ಟಗೆ ಎಂದು ಸರ್ ಬುದ್ಧಿ ಹೇಳಿದರು. ಪೊಲೀಸರ ಹೆಸರು ಕೇಳಿ ಅಪ್ಪ ಹೆದರಿದ. ಅವತ್ತೇ ನನ್ನ ಚೀಲ ತೆಗೆದುಕೊಂಡು ಹೊರಟೆವು. ದಾರಿಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಜಗಳವಾಡುತ್ತಿದ್ದೆ.

ಒಂದು ವರ್ಷ ಕುರಿಗಳ ಹಿಂದೆ ತಿರುಗಿದೆ. ಸರ್ ಕಟ್ಟಿದ್ದ ವಾಕ್ಯ ಖರೆ ಆಗಿತ್ತು. ಹಿಡಕಲ್ ಡ್ಯಾಮಿನಲ್ಲಿ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದ ನನ್ನ ಸೋದರಮಾವ ಒಮ್ಮೆ ಬಂದವನು ನನ್ನ ಅವಸ್ಥೆ ನೋಡಿ ಅಪ್ಪನ ಜೊತೆ ಜಗಳ ತೆಗೆದ. ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು, ಹೊರಗಿನಿಂದ ಪರೀಕ್ಷೆ ಕಟ್ಟಿಸಿದ. ಇಂಗ್ಲಿಷಿನಲ್ಲಿ ಬಂದ ಅಂಕ ನೋಡಿ, ಅಂಕಪಟ್ಟಿಯನ್ನು ತನ್ನ ಕಚೇರಿಗೆಲ್ಲ ತೋರಿಸಿಕೊಂಡು ಬಂದ. ಅಲ್ಲಿಂದ ಮುಂದೆ ನಾನು ನಿಲ್ಲಲಿಲ್ಲ. ಕಾಲೇಜು, ಬಿ.ಎಡ್... ಯಾವ ಹಟಕ್ಕೆ ಓದಿದೆ ಎಂದು ಮಾವನಿಗೂ ಹೇಳಿರಲಿಲ್ಲ.

ಬಿ.ಎಡ್. ಕೊನೆಯ ತಿಂಗಳುಗಳಲ್ಲಿ ಅಪ್ಪ ಎದೆಯ ಬೇನೆಯಿಂದ ಹಾಸಿಗೆ ಹಿಡಿದ. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಒಮ್ಮೆ ತಪ್ಪಿದ್ರೂ ಮುಂದ ಚಂದ ನಡಕೊಂಡಿ ಅವ್ವಾ," ಅಂದ. ಮೆಚ್ಚಿಕೊಂಡು ಅಂದದ್ದು. ತಪ್ಪಿರಲಿಲ್ಲಪ್ಪಾ ಎನ್ನಲು ಬಾಯಿ ತೆರೆದೆ. ಅವನಿಗೆ ಕೆಮ್ಮು ಒತ್ತರಿಸಿ ಬಂತು. ನೀರು ಕುಡಿಸಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನಕ್ಕೆ ಅವನಿಗೆ ಮಾತು ಬಿದ್ದುಹೋಗಿತ್ತು.

ಮಣ್ಣು ಕೊಟ್ಟು ಬಂದ ದಿನವೇ ನಿಶ್ಚಯ ಮಾಡಿದೆ, ಆ ಮನುಷ್ಯನನ್ನು ಸುಮ್ಮನೆ ಬಿಡಬಾರದು. ಬಸ್ಸಿನಲ್ಲಿ ಕೂತಾಗ, ರೊಟ್ಟಿ ಬಡಿಯುವಾಗ, ಅವರಿಗೆ ಹೇಳಬೇಕಾದ ಮಾತುಗಳನ್ನು ಕಟ್ಟುತ್ತಿದ್ದೆ. ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಸಿಟ್ಟು ಮಾತ್ರ ಹಾಗೇ ಇತ್ತು. ಅದನ್ನು ಕಳೆದುಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಅಪ್ಪ ಹೋಗಿ ಹದಿನಾಲ್ಕು ವರ್ಷದ ಮೇಲೆ ಮೂಡಲಗಿಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟರು. ಫ್ರೇಜಲ್ ವರ್ಬುಗಳನ್ನು ಸಂದರ್ಭದ ಮೂಲಕ ಕಲಿಸುವುದು ಹೇಗೆ ಎಂದು ಹೇಳಿಕೊಡಲು ನನ್ನನ್ನು ಕರೆದಿದ್ದರು. ಬರುವವರ ಪಟ್ಟಿ ಕೈಗೆ ಬಂತು. ಅದರಲ್ಲಿ ಅವರ ಹೆಸರಿತ್ತು. ಅವರು ನಿವೃತ್ತಿಯ ಹತ್ತಿರಕ್ಕೆ ಬಂದಿದ್ದರು.

ಎರಡು ದಿನ ಕೂತು ಅಭ್ಯಾಸಕ್ಕೆಂದು ಒಂದು ಸಣ್ಣ ಕತೆ ಬರೆದೆ. ಇಂಗ್ಲಿಷಿನಲ್ಲಿ, ಅಲ್ಲಲ್ಲಿ ಖಾಲಿ ಬಿಟ್ಟು. ಒಬ್ಬ ಮಾಸ್ತರ ಕುರಿಗಾರನ ಮಗಳನ್ನು ಕೀಳಾಗಿ ಕಂಡ. ಅವಳು ಪ್ರಬಂಧ ಕದ್ದಳೆಂದು ಕತೆ ಕಟ್ಟಿದ. ತಂದೆಯನ್ನು ಹೇಳಿಕಳಿಸಿ ಬಾಗಿಲಲ್ಲಿ ನಿಲ್ಲಿಸಿದ. ಹುಡುಗಿ ಸಾಲಿ ಬಿಟ್ಟಳು. ಮಾಡಿದ್ದಕ್ಕೆ ಅವನು ಎಂದೂ ಪರಿಹಾರ ಮಾಡಲಿಲ್ಲ. ಒಂದೊಂದು ವಾಕ್ಯದಲ್ಲೂ ಒಂದು ಫ್ರೇಜಲ್ ವರ್ಬಿನ ಬಾಲ ಖಾಲಿ ಇತ್ತು.

ತರಬೇತಿಯ ದಿನ ಸರ್ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಕಾಲು ಊದಿಕೊಂಡು ಪಟ್ಟಿ ಸುತ್ತಿದ್ದರು. "ನಮಸ್ಕಾರ್ರಿ ಮೇಡಂ," ಎಂದು ಹೋಗಿ ಹಿಂದೆ ಕೂತರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತಬಾರದು ಎಂದೇ ನಾನೂ ಬಯಸಿದ್ದೆ. ಎಲ್ಲರಿಗೂ ಹಾಳೆ ಹಂಚಿ, ಹಿರಿಯರು ನೀವೇ ಓದಿರಿ ಎಂದು ಅವರನ್ನು ಎಬ್ಬಿಸಿದೆ.

ಓದಿದರು. ಅದೇ ಸ್ವಚ್ಛ ಉಚ್ಚಾರ, ಅದೇ ಏರಿಳಿತ. ಒಂದೂ ಖಾಲಿ ಜಾಗದಲ್ಲಿ ತಡವರಿಸಲಿಲ್ಲ. 'ಲುಕ್ಡ್ ಡೌನ್ ಆನ್', 'ಮೇಡ್ ಅಪ್', 'ಸೆಂಟ್ ಫಾರ್'... ಕೊನೆಯ 'ಮೇಕ್ ಅಪ್ ಫಾರ್' ತನಕ. ಎಲ್ಲಿ ಅವರ ದನಿ ನಡುಗುತ್ತದೆ ಎಂದು ಕಾಯುತ್ತ ನಿಂತಿದ್ದೆ. ನಡುಗಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು, "ಛಲೋ ಐತ್ರಿ ಮೇಡಂ. ಹುಡುಗರ ಮನಸ್ಸಿಗೆ ಹತ್ತತೈತಿ," ಅಂದರು.

ನನ್ನ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಕಟ್ಟಿಟ್ಟ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಆ ಹುಡುಗಿ ನಾನು, ಆ ಮಾಸ್ತರ ನೀವು ಎಂದಷ್ಟೇ ಅಂದೆ. ಕೋಣೆಯಲ್ಲಿದ್ದ ನಲವತ್ತು ಜನ ಶಿಕ್ಷಕರು ತಿರುಗಿ ಸರ್ ಕಡೆ ನೋಡಿದರು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ನೆನಪಿಲ್ರಿ ಮೇಡಂ. ಎಷ್ಟೋ ಮಂದಿಗೆ ಹಂಗ ಅಂದಿರಬೇಕು."

"ನೆನಪಾಗೋತನಕ ನಿಂದರ್ರಿ ಸರ್," ಅಂದೆ.

ನಿಂತರು. ನಾನು ಪಾಠ ಮುಂದುವರಿಸಿದೆ. ಊದಿದ ಕಾಲಿನ ಭಾರ ತಪ್ಪಿಸಲು ಗೋಡೆಗೆ ಕೈ ಕೊಟ್ಟದ್ದು ಕಂಡಿತು. ನೋಡಿಯೂ ನೋಡದವಳ ಹಾಗಿದ್ದೆ. ಹಿರಿಯ ಟೀಚರೊಬ್ಬರು ತಡೆಯಲಾರದೆ ಕುರ್ಚಿ ಸರಿಸಿ ಕೊಟ್ಟರು. ಇನ್ನೂ ನೆನಪಾಗಿಲ್ಲ ಬಿಡಿ ಎಂದು ಸರ್ ಕೂಡಲಿಲ್ಲ. ಊಟದ ಬಿಡುವಿನ ತನಕ ಹಾಗೇ ನಿಂತರು. ನನಗೆ ಸುಖವಾಯಿತೇ ಎಂದು ಕೇಳಿದರೆ, ಹೌದು, ಆಯಿತು. ಅವತ್ತಿನ ಊಟ ರುಚಿಯಾಗಿತ್ತು.

ಮರುದಿನ ಅವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲೇ ಬಂದಿದ್ದರು. ಕೋಣೆ ತುಂಬಿದ ಮೇಲೆ, ನಾನು ಹೇಳುವ ಮೊದಲೇ ಎದ್ದು ನಿಂತರು.

"ಮೇಡಂ, ಹುಡುಗಿ ಮಾರಿ ನೆನಪಾಗಲಿಲ್ಲ. ಪ್ರಬಂಧ ನೆನಪೈತ್ರಿ. ಕುರಿಮರೀದು."

ಅದರ ಮೊದಲ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಹದಿನಾರರ ವಯಸ್ಸಿನ ವಾಕ್ಯಗಳು. ನಾನೇ ಮರೆತಿದ್ದವು. ಆಮೇಲೆ ಹೇಳಿದರು, ಅಷ್ಟು ವರ್ಷವೂ ಅದನ್ನು ಮಾದರಿ ಪ್ರಬಂಧವೆಂದು ಪ್ರತಿ ತರಗತಿಗೂ ಬರೆಸಿದ್ದರಂತೆ. ಯಾರು ಬರೆದದ್ದೆಂದು ಹೇಳುತ್ತಿದ್ದಿರಿ ಎಂದು ಕೇಳಿದೆ. ಯಾವುದೋ ಪುಸ್ತಕದ್ದು ಅಂತ, ಅಂದರು.

"ಪುಸ್ತಕ ಸಿಕ್ಕಿತ್ತೇನ್ರಿ?"

"ಆ ವರ್ಷ ಬ್ಯಾಸಗಿ ರಜಾದಾಗ ಸಿಕ್ಕ ಗೈಡೆಲ್ಲಾ ನೋಡಿದೆ. ಯಾವುದರಾಗೂ ಇರಲಿಲ್ಲ. ಮೇಲವಂಕಿಗೆ ಬರಬೇಕಿತ್ತು. ಮಾರಿ ತೋರಸಾಕ ನಾಚಿಕಿ ಆತು. ನಾಳೆ ಹೋದರಾತು, ನಾಳೆ ಹೋದರಾತು ಅಂತ ಮುಂದ ಹಾಕಿದೆ."

ಅಂದರೆ ಅವರಿಗೆ ಗೊತ್ತಿತ್ತು. ನಾನು ಕಾಪಿ ಹೊಡೆದಿರಲಿಲ್ಲ ಎಂದು ಅವರಿಗೆ ಆ ಬೇಸಿಗೆಯಲ್ಲೇ ಗೊತ್ತಾಗಿತ್ತು. ಆಗ ನಾನು ಹತ್ತು ಮೈಲಿಯಾಚೆ ಬಿಸಿಲಲ್ಲಿ ಕುರಿ ಕಾಯುತ್ತಿದ್ದೆ.

ನಿಮ್ಮ ತಂದೆಯವರು ಮನೆಯಲ್ಲಿದ್ದರೆ ಇವತ್ತೇ ಸಂಜೆ ಬಂದು ಅವರ ಕಾಲು ಹಿಡಿಯುತ್ತೇನೆ ಅಂದರು. ನಾನು ಅವಸರ ಮಾಡಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಒಂದೊಂದೇ ಮಾತಾಗಿ ಹೇಳಿದೆ.

"ನಮ್ಮಪ್ಪ ಸತ್ತು ಹದಿನಾಲ್ಕು ವರ್ಷಾತ್ರಿ. ಮಗಳು ಕಳ್ಳಿ ಅಂತ ತಿಳಕೊಂಡ ಸತ್ತ. ನಿಮ್ಮ ಮಾತಿನ ಮ್ಯಾಲ."

ಹಿಂದಿನ ದಿನ ಅಷ್ಟು ಹೊತ್ತು ನಿಂತಿದ್ದ ಮನುಷ್ಯ ಆಗ ಕುಸಿದು ಕೂತರು. ತರಬೇತಿ ಮುಗಿಯುವ ತನಕ ತಲೆ ಎತ್ತಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ನನಗೆ ಸಾಕಾಗಲಿಲ್ಲ. ಎರಡು ವರ್ಷದ ಮೇಲೆ ಒಂದು ದಿನ ನಮ್ಮ ಶಾಲೆಯ ಸಿಪಾಯಿ ಬಂದು, ನಿವೃತ್ತರಾಗುತ್ತಿರುವ ಮಾಸ್ತರರೊಬ್ಬರು ನಿಮ್ಮನ್ನು ಕಾಣಲು ಗೋಕಾಕದಿಂದ ಬಂದಿದ್ದಾರೆ ಅಂದ. ಕಿಟಕಿಯಿಂದ ನೋಡಿದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ನನಗೆ ಅದು ಬಿಡುವಿನ ಪೀರಿಯಡ್ಡಾಗಿತ್ತು. ಆದರೂ ಒಳಗೆ ಕರೆಯಲಿಲ್ಲ. ನಲವತ್ತು ನಿಮಿಷ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತೆ. ಗಂಟೆ ಬಾರಿಸಿದ ಮೇಲೆ ಹೋಗಿ, ನನಗೆ ಕ್ಲಾಸಿದೆ ಎಂದು ಹೇಳಿ ಅವರ ಮುಂದೆಯೇ ಹಾದುಹೋದೆ. ಬೀಳ್ಕೊಡುಗೆಯ ಆಮಂತ್ರಣವನ್ನೂ ಅದರ ಕೆಳಗೊಂದು ದಪ್ಪ ಲಕೋಟೆಯನ್ನೂ ಮೇಜಿನ ಮೇಲಿಟ್ಟು ಹೋಗಿದ್ದರು. ಯಾವುದೋ ಕ್ಷಮಾಪಣೆಯ ಪತ್ರ ಇರಬೇಕು, ಅದೂ ಸುಂದರವಾದ ಇಂಗ್ಲಿಷಿನಲ್ಲಿ ಅಂದುಕೊಂಡೆ. ಎರಡನ್ನೂ ಸಿಪಾಯಿಯ ಕೈಗೆ ಕೊಟ್ಟು, ಬಿಸಿಯೂಟದ ಒಲೆಗೆ ಹಾಕು ಅಂದೆ. ಹಾಕಿ ಬಂದನೋ ಇಲ್ಲವೋ ಎಂದು ಕೇಳಿ ಖಾತ್ರಿ ಮಾಡಿಕೊಂಡೆ.

ಈ ಮಳೆಗಾಲದ ಕೊನೆಯಲ್ಲಿ ಅವರು ತೀರಿಹೋದರು. ನಮ್ಮ ಶಾಲೆಯ ಗಣಿತದ ಸರ್ ಅವರ ಹಳೆಯ ವಿದ್ಯಾರ್ಥಿ. ಮಾತಾಡಿಸಲು ಮನೆಗೆ ಹೋಗಿ ಬಂದವರು ನನಗೊಂದು ಮಾತು ತಂದರು. ತೀರಿಹೋದ ಸರ್ ಅವರ ಹೆಂಡತಿ ಕೇಳಿದರಂತೆ, ಯಾವುದೋ ಹುಡುಗಿಯ ಉತ್ತರಪತ್ರಿಕೆ ವರ್ಷಾನುಗಟ್ಟಲೆ ಟ್ರಂಕಿನಲ್ಲಿ ಇಟ್ಟಿದ್ದರು, ಅದನ್ನು ಅವಳಿಗೇ ಒಪ್ಪಿಸಬೇಕೆಂದು ಹುಕ್ಕೇರಿಗೆ ಹೋಗಿದ್ದರು, ಮುಟ್ಟಿತೇನು ಅಂತ.

ಮುಟ್ಟಿದೆ ಎಂದು ಹೇಳಿಕಳಿಸಿದೆ. ಅದೊಂದು ಸುಳ್ಳನ್ನು ಆ ಹೆಂಗಸಿಗಾಗಿ ಹೇಳಿದೆ, ಅವರಿಗಾಗಿ ಅಲ್ಲ. ಅವರನ್ನು ಕ್ಷಮಿಸಿಲ್ಲ. ಅಪ್ಪ ಬಗ್ಗಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಹಿಂದಕ್ಕೆ ಸರಿಯದ ಆ ಕಾಲುಗಳೂ.

ಅವರ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ ಈಗ ಕೇಳುತ್ತೇನೆ. ಹೌದು, ಕುರಿಮರಿಯದೊಂದು ಪ್ರಬಂಧ ಬರೆಸುತ್ತಿದ್ದರು ಅನ್ನುತ್ತಾರೆ, ಅಷ್ಟೇ ನೆನಪು. ಹತ್ತನೆಯ ತರಗತಿಯ ನೋಟ್‌ಬುಕ್ಕನ್ನು ಯಾರು ಇಟ್ಟುಕೊಂಡಿರುತ್ತಾರೆ? ಎಲ್ಲವೂ ರದ್ದಿಗೆ ಹೋಗಿವೆ. ಮೊನ್ನೆ ಭಾನುವಾರ ನಾನೇ ಬರೆಯಲು ಕೂತೆ. ಧುಪದಾಳದ ದಾರಿ, ಅಪ್ಪನ ಕೈ, ಕಂಬಳಿಯೊಳಗೆ ಬೆಚ್ಚಗಾಗುತ್ತಿದ್ದ ಮರಿ ಎಲ್ಲ ಕಣ್ಣ ಮುಂದಿವೆ. ಮೊದಲ ಎರಡು ವಾಕ್ಯ ಬಂದವು. ಅವು ಮೂಡಲಗಿಯಲ್ಲಿ ಅವರು ನಿಂತು ಹೇಳಿದ ವಾಕ್ಯಗಳು. ಮೂರನೆಯದು ಬರಲಿಲ್ಲ. ಸಂಜೆಯ ತನಕ ಕೂತೆ... ಬರಲಿಲ್ಲ. ಅದನ್ನು ಪೂರ್ತಿ ಬಲ್ಲವರು ಲೋಕದಲ್ಲಿ ಅವರೊಬ್ಬರೇ ಇದ್ದರು.